ಸ್ವರ ಬರೆಯಲು ಕಲಿತದ್ದು: ಜೂನಿಯರ್ ಸಂಗೀತ ಪರೀಕ್ಷೆಯ ಅನುಭವ

ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ ಮಕ್ಕಳನ್ನು ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಿಸುವುದು ಮೈಸೂರಿನ ಅನೇಕ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಜೂನಿಯರ್ ಆದಮೇಲೆ ಸೀನಿಯರ್, ಅದಾದಮೇಲೆ ವಿದ್ವತ್ ಪೂರ್ವ ಮತ್ತು ಅಂತಿಮ ಎಂಬ ಮೆಟ್ಟಿಲುಗಳಿವೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಜೂನಿಯರ್‌ಗೆ ಕಟ್ಟಿದೆ. ಆಗ ಈ ಪರೀಕ್ಷೆಗಳನ್ನು ನಡೆಸುತ್ತಿದ್ದುದು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಡೆಸುತ್ತಿದ್ದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯೇ. ಇತ್ತೀಚೆಗೆ ಆ ಹೊಣೆ ನಮ್ಮ ಊರಿನಲ್ಲೇ ಇರುವ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಬಂದಿದೆ. ಸಂಗೀತಕ್ಕೆ ಪರೀಕ್ಷೆ ಏಕೆ, ಅದು ಕಲೆಯನ್ನು ಅಂಕಗಳಿಗೆ ಇಳಿಸುವುದಿಲ್ಲವೇ ಎಂಬ ಆಕ್ಷೇಪವನ್ನು ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತಿರುತ್ತೇನೆ. ಆ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಪರೀಕ್ಷೆಯ ತಯಾರಿಯಲ್ಲಿ ಎಲ್ಲರೂ ಬೇಸರದಿಂದ ಮಾಡಿ ಮುಗಿಸುವ ಒಂದು ಕೆಲಸ, ಅಂದರೆ ಹಾಡಿದ್ದನ್ನು ಸ್ವರಲಿಪಿಯಲ್ಲಿ ಬರೆಯುವುದು, ನನ್ನ ಕಿವಿಯನ್ನು ತೆರೆಯಿತು. ಆ ಕೆಲಸದ ಬಗ್ಗೆ ವಿವರವಾಗಿ ಹೇಳಬೇಕೆಂಬುದೇ ಈ ಬರವಣಿಗೆಯ ಉದ್ದೇಶ.

ನಾನು ಆ ಹೊತ್ತಿಗೆ ಸರಳೆ, ಜಂಟಿ, ಅಲಂಕಾರಗಳೆಂಬ ಆರಂಭದ ಸ್ವರಾಭ್ಯಾಸಗಳನ್ನು ಮುಗಿಸಿ, ಗೀತೆಗಳನ್ನು ಹಾಡಿ, ಅವಕ್ಕಿಂತ ದೊಡ್ಡ ರಚನೆಗಳಾದ ವರ್ಣಗಳಲ್ಲಿ ಆದಿತಾಳದ ಒಂದೆರಡನ್ನೂ ಕಲಿತಿದ್ದೆ. ಕಲಿತದ್ದೆಲ್ಲವೂ ಕೇಳಿ ಕಲಿತದ್ದು. ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮೇಷ್ಟ್ರ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಅವರು ಒಂದು ಸಾಲು ಹೇಳಿಕೊಟ್ಟರೆ ನಾವು ಅದನ್ನೇ ತಿರುಗಿ ಹೇಳುವುದು, ಸರಿಯಾಗುವವರೆಗೂ ಹೇಳುವುದು, ಅದಾದಮೇಲೆ ಮುಂದಿನ ಸಾಲು. ಪುಸ್ತಕದಲ್ಲಿ ಸಾಹಿತ್ಯವನ್ನಷ್ಟೇ ಬರೆದುಕೊಳ್ಳುತ್ತಿದ್ದೆವು. ಪರೀಕ್ಷೆಗೆ ಕಟ್ಟುವುದೆಂದು ತೀರ್ಮಾನವಾದ ಮೇಲೆ ಮೇಷ್ಟ್ರು ಗೆರೆಯಿರುವ ಉದ್ದ ಪುಸ್ತಕ, ಪೆನ್ಸಿಲ್ ಮತ್ತು ರಬ್ಬರ್ ತರಲು ಹೇಳಿದರು. ಪೆನ್ನು ಬೇಡವೆಂದರು. ಮೊದಲು ಬರೆಯಲು ಕೊಟ್ಟದ್ದು ನಮಗೆ ಕಣ್ಣುಮುಚ್ಚಿ ಹಾಡಲು ಬರುತ್ತಿದ್ದ, ‘ಶ್ರೀ ಗಣನಾಥ’ ಎಂಬ ಪಿಳ್ಳಾರಿ ಗೀತೆಯನ್ನೇ.

ಪುರಂದರದಾಸರ ಹೆಸರಿನಲ್ಲಿ ಬಂದಿರುವ ಈ ಗೀತೆಯ ರಾಗ ಮಲಹರಿ, ತಾಳ ರೂಪಕ. ಕರ್ನಾಟಕ ಸಂಗೀತ ಕಲಿಯುವ ಪ್ರತಿಯೊಬ್ಬರೂ ಇದನ್ನು ಹಾಡಿಯೇ ಮುಂದೆ ಹೋಗಿರುತ್ತಾರೆ. ರೂಪಕ ತಾಳಕ್ಕೆ ಒಂದು ದ್ರುತ, ಒಂದು ಲಘು. ಅಂದರೆ ಒಂದು ಪೆಟ್ಟು ಮತ್ತು ಒಂದು ಹುಸಿ ಸೇರಿ ಎರಡು ಅಕ್ಷರ, ಆಮೇಲೆ ಪೆಟ್ಟಿನೊಂದಿಗೆ ಮೂರು ಬೆರಳುಗಳ ಎಣಿಕೆ ಸೇರಿ ನಾಲ್ಕು ಅಕ್ಷರ, ಒಟ್ಟು ಆರು. ಅಕ್ಷರವೆಂದರೆ ಇಲ್ಲಿ ತಾಳದ ಒಂದು ಎಣಿಕೆ, ತಾಳದ ಒಂದು ಪೂರ್ತಿ ಸುತ್ತು ಒಂದು ಆವರ್ತ. ಗೀತೆಯ ಮೊದಲ ಆವರ್ತದ ಸ್ವರಗಳು ‘ಮ ಪ’ ಎಂದು ದ್ರುತದಲ್ಲಿ ಆರಂಭವಾಗಿ ‘ದ ಸ ಸ ರಿ’ ಎಂದು ಲಘುವಿನಲ್ಲಿ ಮುಗಿಯುತ್ತವೆ. ಹಾಡುವಾಗ ಇದರಲ್ಲಿ ಕಷ್ಟವೇನೂ ಇಲ್ಲ. ಆದರೆ ಬರೆಯಲು ಕುಳಿತಾಗ, ಇಲ್ಲಿರುವ ಷಡ್ಜ ಮತ್ತು ರಿಷಭಗಳು, ಅಂದರೆ ‘ಸ’ ಮತ್ತು ‘ರಿ’, ಮೇಲಿನ ಸ್ಥಾಯಿಯಾದ ತಾರಸ್ಥಾಯಿಯವು, ಅವುಗಳ ತಲೆಯ ಮೇಲೆ ಚುಕ್ಕಿ ಇಡಬೇಕು ಎಂಬುದು ತಟ್ಟನೆ ಹೊಳೆಯುವುದಿಲ್ಲ. ಅಲ್ಲಿಯವರೆಗೆ ಆ ಸಾಲು ನನ್ನ ಪಾಲಿಗೆ ಒಂದು ದೇವರ ಹಾಡಿನ ಮೊದಲ ಸಾಲು ಮಾತ್ರವಾಗಿತ್ತು. ಆರೇ ಅಕ್ಷರಗಳೊಳಗೆ ಮಧ್ಯಸ್ಥಾಯಿಯ ಮಧ್ಯಮದಿಂದ ಹೊರಟು ತಾರಸ್ಥಾಯಿಯ ರಿಷಭವನ್ನು ಮುಟ್ಟುವ ಏರಿಕೆ ಅದು ಎಂಬುದು ಚುಕ್ಕಿ ಇಟ್ಟಾಗ ಗೊತ್ತಾಯಿತು. ಮಕ್ಕಳಿಗೆ ಕಲಿಸುವ ಮೊದಲ ಗೀತೆಯಲ್ಲೇ ದನಿಯನ್ನು ಅಷ್ಟು ಮೇಲಕ್ಕೆ ಕಳಿಸಿರುವುದರಲ್ಲಿ ಒಂದು ಯೋಚನೆ ಇರಬೇಕೆಂದು ನನಗೆ ಆಗ ತೋರಿತು.

ಇನ್ನೂ ದೊಡ್ಡ ಬೆರಗು ಗಾಂಧಾರದಿಂದ, ಅಂದರೆ ‘ಗ’ ಸ್ವರದಿಂದ ಬಂತು. ಮಲಹರಿಯು ಹದಿನೈದನೆಯ ಮೇಳ, ಅಂದರೆ ಮೂಲರಾಗವಾದ ಮಾಯಾಮಾಳವಗೌಳದಲ್ಲಿ ಹುಟ್ಟಿದ ರಾಗ. ಏರುವಾಗ ಅದಕ್ಕೆ ಗಾಂಧಾರವೂ ಇಲ್ಲ ನಿಷಾದವೂ (‘ನಿ’) ಇಲ್ಲ, ಇಳಿಯುವಾಗ ನಿಷಾದವಿಲ್ಲದಿದ್ದರೂ ಗಾಂಧಾರವಿದೆ. ಈ ಲಕ್ಷಣವನ್ನು ನಾವು ಬಾಯಿಪಾಠ ಮಾಡಿದ್ದೆವು. ಗೀತೆಯ ಮೊದಲ ನಾಲ್ಕು ಆವರ್ತಗಳನ್ನು ಬರೆದು ಮುಗಿಸಿದಾಗ ಮೇಷ್ಟ್ರು ಗಾಂಧಾರಗಳಿಗೆಲ್ಲ ಸುತ್ತು ಹಾಕಲು ಹೇಳಿದರು. ಇಡೀ ಇಪ್ಪತ್ನಾಲ್ಕು ಅಕ್ಷರಗಳಲ್ಲಿ ಸಿಕ್ಕಿದ್ದು ಒಂದೇ ಗಾಂಧಾರ. ಅದೂ ನಾಲ್ಕನೆಯ ಆವರ್ತದ ಕೊನೆಯಲ್ಲಿ, ‘ಮ ಗ ರಿ ಸ’ ಎಂದು ಷಡ್ಜಕ್ಕೆ ಇಳಿದು ಬರುವ ಜಾಗದಲ್ಲಿ. ರಾಗದ ಲಕ್ಷಣವೆಂದು ನಾನು ಕಂಠಪಾಠ ಮಾಡಿದ್ದ ವಾಕ್ಯವೂ, ಚಿಕ್ಕಂದಿನಿಂದ ಹಾಡುತ್ತಿದ್ದ ಗೀತೆಯೂ ಒಂದೇ ವಿಷಯವನ್ನು ಹೇಳುತ್ತಿವೆ ಎಂಬುದು ಆ ಸುತ್ತನ್ನು ಹಾಕುವವರೆಗೂ ನನ್ನ ಮನಸ್ಸಿಗೆ ಬಂದಿರಲಿಲ್ಲ. ಮರುದಿನ ಅದೇ ಗೀತೆಯನ್ನು ಹಾಡುವಾಗ ಆ ಒಂದು ಗಾಂಧಾರಕ್ಕಾಗಿ ಕಿವಿ ಕಾಯುತ್ತಿತ್ತು.

ಸ್ವರಲಿಪಿಯ ನಿಯಮಗಳು ಹೆಚ್ಚೇನೂ ಇಲ್ಲ. ಮಂದ್ರಸ್ಥಾಯಿಗೆ ಸ್ವರದ ಕೆಳಗೆ ಚುಕ್ಕಿ, ತಾರಸ್ಥಾಯಿಗೆ ಮೇಲೆ ಚುಕ್ಕಿ. ಸ್ವರವನ್ನು ಒಂದಕ್ಷರ ಕಾಲ ಎಳೆಯಬೇಕಾದರೆ ಪಕ್ಕದಲ್ಲಿ ಅಲ್ಪವಿರಾಮದ ಗುರುತು, ಎರಡಕ್ಷರ ಎಳೆಯಬೇಕಾದರೆ ಅರ್ಧವಿರಾಮದ ಗುರುತು. ಎರಡನೆಯ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ ಸ್ವರಗಳ ಮೇಲೆ ಒಂದು ಗೆರೆ, ಮೂರನೆಯ ಕಾಲಕ್ಕೆ ಎರಡು. ತಾಳದ ಅಂಗ ಮುಗಿದಲ್ಲಿ ಒಂದು ನಿಂತ ಗೆರೆ, ಆವರ್ತ ಮುಗಿದಲ್ಲಿ ಜೋಡಿ ಗೆರೆ. ಇವಿಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ವರ್ಣವನ್ನು ಬರೆಯುವಾಗ, ಎಲ್ಲಿ ಎಳೆದಿದ್ದೇನೆ, ಎಷ್ಟು ಎಳೆದಿದ್ದೇನೆ, ಸಾಹಿತ್ಯದ ಯಾವ ಅಕ್ಷರ ಯಾವ ಸ್ವರದ ಮೇಲೆ ಕೂತಿದೆ, ಚರಣದ ಸ್ವರಗಳು ಮುಗಿದು ತಿರುಗಿ ಚರಣವನ್ನು ಎತ್ತಿಕೊಳ್ಳುವುದು ತಾಳದ ಯಾವ ಜಾಗದಲ್ಲಿ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿಕೊಳ್ಳದೆ ಒಂದು ಸಾಲೂ ಮುಂದೆ ಸಾಗುವುದಿಲ್ಲ. ಆವರ್ತದ ಲೆಕ್ಕ ಒಂದಕ್ಷರ ಹೆಚ್ಚಾಗಿಯೋ ಕಡಿಮೆಯಾಗಿಯೋ ಬಂದರೆ ಎಲ್ಲೋ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ಅರ್ಥ. ಆಗ ಕೈಯಲ್ಲಿ ತಾಳ ಹಾಕಿಕೊಂಡು, ಮೆಲ್ಲಗೆ ಹಾಡಿಕೊಂಡು, ಎಲ್ಲಿ ಜಾರಿದೆ ಎಂದು ಹುಡುಕಬೇಕು. ನಮ್ಮಲ್ಲಿ ಕೆಲವರು ಅಚ್ಚಾದ ಪುಸ್ತಕವನ್ನು ನೋಡಿ ಬರೆದು ತರುತ್ತಿದ್ದರು. ಮೇಷ್ಟ್ರಿಗೆ ಅದು ಕೂಡಲೇ ತಿಳಿದುಬಿಡುತ್ತಿತ್ತು, ಏಕೆಂದರೆ ಅವರು ಹೇಳಿಕೊಡುತ್ತಿದ್ದ ಪಾಠಕ್ಕೂ ಪುಸ್ತಕದ ಪಾಠಕ್ಕೂ ಅಲ್ಲಲ್ಲಿ ವ್ಯತ್ಯಾಸವಿರುತ್ತಿತ್ತು. “ಪುಸ್ತಕ ಬರ್ದಿರೋದು ನಂಗೆ ಬೇಡಮ್ಮ, ನಿನ್ನ ಬಾಯಲ್ಲಿ ಬರ್ತಿರೋದನ್ನ ಬರ್ಕೊಂಡು ಬಾ” ಎನ್ನುತ್ತಿದ್ದರು.

ಸ್ವರಲಿಪಿಯಲ್ಲಿ ಎಲ್ಲವೂ ಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. ತೋಡಿ ರಾಗದ ಗಾಂಧಾರವನ್ನು ‘ಗ’ ಎಂದು ಬರೆದರೆ ಅದರ ಅಲುಗಾಟ ಕಾಗದದ ಮೇಲೆ ಬರುವುದಿಲ್ಲ. ಶಂಕರಾಭರಣದ ಗಾಂಧಾರವೂ ಬರಹದಲ್ಲಿ ಅದೇ ‘ಗ’. ಇಂಥ ಅಲುಗಾಟವನ್ನು, ಅಂದರೆ ಗಮಕವನ್ನು ಗುರುವಿನ ಬಾಯಿಂದಲೇ ಕಲಿಯಬೇಕು. ಆದರೆ ಕಾಗದದಲ್ಲಿ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂಬುದು ಸ್ಪಷ್ಟವಾಗಿ ತಿಳಿಯುವುದು ಕೂಡ ಬರೆದು ನೋಡಿದವರಿಗೇ.

ತಾಳದ ಭಾಗವನ್ನು ನಾನು ಬಹಳ ಇಷ್ಟಪಟ್ಟು ಓದಿದೆ. ಸುಳಾದಿ ಸಪ್ತತಾಳಗಳನ್ನು ಐದು ಜಾತಿಗಳಿಂದ, ಅಂದರೆ ಲಘುವಿನ ಐದು ಅಳತೆಗಳಿಂದ ಗುಣಿಸಿದರೆ ಮೂವತ್ತೈದು ತಾಳಗಳಾಗುತ್ತವೆ ಎಂದು ಎಲ್ಲ ಮಕ್ಕಳೂ ಉತ್ತರ ಬರೆಯುತ್ತಾರೆ. ಮೇಷ್ಟ್ರು ಅಷ್ಟಕ್ಕೆ ಬಿಡಲಿಲ್ಲ. ಚತುರಶ್ರ ಜಾತಿಯ ಧ್ರುವತಾಳಕ್ಕೆ ಹದಿನಾಲ್ಕು ಅಕ್ಷರ, ಖಂಡಜಾತಿಯ ಅಟತಾಳಕ್ಕೂ ಹದಿನಾಲ್ಕೇ ಅಕ್ಷರ. ಹಾಗಾದರೆ ಇವೆರಡೂ ಒಂದೇ ಏಕಲ್ಲ ಎಂದು ಕೇಳಿದರು. ಬರೆದು ನೋಡಿದರೆ ಧ್ರುವವು ನಾಲ್ಕು, ಎರಡು, ನಾಲ್ಕು, ನಾಲ್ಕು ಎಂದು ಒಡೆಯುತ್ತದೆ; ಅಟವು ಐದು, ಐದು, ಎರಡು, ಎರಡು ಎಂದು ಒಡೆಯುತ್ತದೆ. ಅದೇ ರೀತಿ ಚತುರಶ್ರ ಮಠ್ಯ ಮತ್ತು ಮಿಶ್ರ ಝಂಪೆ ಎರಡಕ್ಕೂ ಹತ್ತತ್ತು ಅಕ್ಷರಗಳಿದ್ದರೂ ಒಂದರಲ್ಲಿ ನಾಲ್ಕು, ಎರಡು, ನಾಲ್ಕು. ಇನ್ನೊಂದರಲ್ಲಿ ಏಳು, ಒಂದು, ಎರಡು. ಒಂದೇ ಮೊತ್ತದ ಎರಡು ತಾಳಗಳ ಅಲಂಕಾರಗಳನ್ನು ಒಂದರ ಹಿಂದೆ ಒಂದು ಹಾಡಿದಾಗ ಸ್ವರಗಳ ನಡಿಗೆಯೇ ಬದಲಾಗುವುದು ಕೇಳಿಸುತ್ತದೆ. ಶಾಲೆಯ ಗಣಿತದಲ್ಲಿ ಮೊತ್ತ ಒಂದೇ ಆದರೆ ಲೆಕ್ಕ ಮುಗಿಯಿತು. ಇಲ್ಲಿ ಮೊತ್ತ ಒಂದಾದ ಮೇಲೆಯೇ ವಿಷಯ ಆರಂಭವಾಗುತ್ತಿತ್ತು.

ಮೇಳಗಳ ಸಂಖ್ಯೆಯನ್ನು ರಾಗದ ಹೆಸರಿನಿಂದಲೇ ಕಂಡುಹಿಡಿಯುವ ಕಟಪಯಾದಿ ಸೂತ್ರವನ್ನೂ ಅವರು ಆಗಲೇ ಹೇಳಿಕೊಟ್ಟರು. ಮಾಯಾಮಾಳವಗೌಳದಲ್ಲಿ ಮೊದಲೆರಡು ಅಕ್ಷರಗಳಾದ ಮಕಾರಕ್ಕೆ ಐದು, ಯಕಾರಕ್ಕೆ ಒಂದು, ತಿರುಗಿಸಿದರೆ ಹದಿನೈದು. ಧೀರಶಂಕರಾಭರಣದಲ್ಲಿ ಒಂಬತ್ತು ಮತ್ತು ಎರಡು, ತಿರುಗಿಸಿದರೆ ಇಪ್ಪತ್ತೊಂಬತ್ತು. ಮೇಚಕಲ್ಯಾಣಿಯಲ್ಲಿ ಐದು ಮತ್ತು ಆರು, ತಿರುಗಿಸಿದರೆ ಅರವತ್ತೈದು. ಶಂಕರಾಭರಣಕ್ಕೂ ಕಲ್ಯಾಣಿಗೂ ನಡುವೆ ಸರಿಯಾಗಿ ಮೂವತ್ತಾರು ಮೇಳಗಳ ಅಂತರವಿದೆ. ಸ್ವರಗಳಲ್ಲಿ ಬದಲಾಗಿರುವುದು ಮಧ್ಯಮವೊಂದೇ, ಶುದ್ಧ ಮಧ್ಯಮದ ಜಾಗದಲ್ಲಿ ಅದಕ್ಕಿಂತ ಮೇಲಿನ ಪ್ರತಿ ಮಧ್ಯಮ. ಎಪ್ಪತ್ತೆರಡು ಮೇಳಗಳು ಹೀಗೆ ಎರಡು ಸಮಪಾಲಾಗಿ ನಿಂತಿವೆ ಎಂದು ತಿಳಿದ ದಿನ ನಾನು ಮನೆಗೆ ಬಂದು ಅಮ್ಮನಿಗೆ ಎರಡು ರಾಗಗಳ ಆರೋಹಣವನ್ನೂ ಹಾಡಿ ತೋರಿಸಿ, ವ್ಯತ್ಯಾಸ ಎಲ್ಲಿದೆ ಹೇಳು ಎಂದು ಕೇಳಿದ್ದು ನೆನಪಿದೆ. ಸಂಗೀತದ ಪಾಠವನ್ನೇ ಹೇಳಿಸಿಕೊಳ್ಳದ ಅಮ್ಮ “ಮಧ್ಯದಲ್ಲಿ ಒಂದು ಸ್ವಲ್ಪ ಮೇಲಕ್ಕೆ ಹೋಯ್ತಲ್ವೇನೇ?” ಎಂದರು.

ಇಷ್ಟೆಲ್ಲ ಹೇಳುವಾಗ, ಎಲ್ಲ ಮಕ್ಕಳಿಗೂ ಪಾಠ ಹೀಗೆಯೇ ಸಿಗುತ್ತದೆ ಎಂದು ನಾನು ನಂಬಿಲ್ಲ. ಲಕ್ಷಣದ, ಅಂದರೆ ಶಾಸ್ತ್ರಭಾಗದ ಪ್ರಶ್ನೆಪತ್ರಿಕೆಗೆ ನಾದ, ಶ್ರುತಿ, ಸ್ಥಾಯಿ, ವಾದಿ, ಸಂವಾದಿ, ಆವರ್ತ ಎಂದು ಒಂದೊಂದಕ್ಕೂ ಎರಡೆರಡು ವಾಕ್ಯದ ವಿವರಣೆ ಬರೆಸಿ, ಅದನ್ನು ಉರುಹೊಡೆಸಿ ಕಳಿಸುವ ಪದ್ಧತಿ ವ್ಯಾಪಕವಾಗಿತ್ತು. ಪರೀಕ್ಷೆಯ ದಿನ ಕೇಂದ್ರದ ಹೊರಗೆ ಮಕ್ಕಳು ಆ ವಿವರಣೆಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ತಂಬೂರಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಪ್ರಶ್ನೆಗೆ ಕುದುರೆ, ಬಿರಡೆ ಎಂದೆಲ್ಲ ಚೆನ್ನಾಗಿ ಬರೆಯುವ ಹುಡುಗಿಯೊಬ್ಬಳು ಒಮ್ಮೆಯೂ ತಂಬೂರಿಯನ್ನು ಮುಟ್ಟಿರಲಿಲ್ಲ, ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿಯಷ್ಟೇ ಅಭ್ಯಾಸ. ಅದು ಅವಳ ತಪ್ಪಲ್ಲ. ಪಂಚಮ, ಎರಡು ಷಡ್ಜ, ಮಂದ್ರ ಷಡ್ಜ ಎಂದು ತಂತಿಗಳನ್ನು ಬರೆದ ಮಗುವಿಗೆ ಒಂದು ಸಂಜೆ ತಂಬೂರಿಯನ್ನು ತೊಡೆಯ ಮೇಲಿಟ್ಟು, ಕುದುರೆಯ ಮೇಲೆ ತಂತಿಯಡಿಗೆ ನೂಲನ್ನು ಸರಿಸುತ್ತಾ ನಾದ ಹೇಗೆ ಅರಳುತ್ತದೆ ಎಂದು ಕೇಳಿಸಿದ್ದರೆ ಆ ಉತ್ತರಕ್ಕೆ ಜೀವ ಬರುತ್ತಿತ್ತು. ಲಕ್ಷಣ ಮತ್ತು ಲಕ್ಷ್ಯಗಳನ್ನು, ಅಂದರೆ ಶಾಸ್ತ್ರವನ್ನೂ ಹಾಡಿಕೆಯನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಕಲಿಸುವುದೇ ಈ ಪರೀಕ್ಷೆಯ ತಯಾರಿಯಲ್ಲಿರುವ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ.

ವಾಗ್ಗೇಯಕಾರರ, ಅಂದರೆ ಸಾಹಿತ್ಯ ಸಂಗೀತ ಎರಡನ್ನೂ ರಚಿಸಿದವರ ಜೀವನಚರಿತ್ರೆಯ ಭಾಗ ಮಾತ್ರ ಮೈಸೂರಿನ ಮಕ್ಕಳಿಗೆ ಸುಲಭವಾಗಿ ಹತ್ತಿರವಾಗುತ್ತದೆ. ಶ್ಯಾಮಾಶಾಸ್ತ್ರಿ, ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತರ ಬಗ್ಗೆ ಓದುವಾಗ ಊರು ತಿರುವಾರೂರು, ನಮಗೆ ದೂರ. ಆದರೆ ವೀಣೆ ಶೇಷಣ್ಣ (1852–1926), ಮೈಸೂರು ವಾಸುದೇವಾಚಾರ್ಯ (1865–1961) ಎಂದು ಓದಿದಾಗ ನಾವು ದಿನವೂ ಓಡಾಡುವ ಊರಿನ ಮಾತು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ಕಛೇರಿ ಕೇಳಿ ಬಂದು, ಅವರ ಶಿಷ್ಯರೇ ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರು ಎಂದು ತಿಳಿದಾಗ ಗುರುಶಿಷ್ಯ ಪರಂಪರೆ ಎಂಬ ಮಾತು ಪುಸ್ತಕದಿಂದ ಹೊರಗೆ ಬಂತು. ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿಯಲು ವಾಸುದೇವಾಚಾರ್ಯರು ಮೈಸೂರಿನಿಂದ ತಿರುವಯ್ಯಾರಿಗೆ ಹೋಗಿ ಇದ್ದು ಬಂದವರು. ಅವರಿಂದಾಗಿ ತಂಜಾವೂರಿನ ಸೀಮೆಯ ಪಾಠ ನಮ್ಮೂರಿಗೂ ಬಂತು ಎಂಬುದನ್ನು ಮೇಷ್ಟ್ರು ತುಂಬ ಹೆಮ್ಮೆಯಿಂದ ಹೇಳುತ್ತಿದ್ದರು.

ಅರ್ಜಿ, ಶುಲ್ಕ, ಪ್ರವೇಶಪತ್ರಗಳ ಕೆಲಸವನ್ನೆಲ್ಲ ಅಪ್ಪ ಮತ್ತು ಮೇಷ್ಟ್ರು ನೋಡಿಕೊಂಡರು. ಶಾಲೆಯಲ್ಲಿ ಕೆಲವು ಶಿಕ್ಷಕರಿಗೆ ಇದು ಓದಿಗೆ ಅಡ್ಡಿಯೆಂದು ಅನ್ನಿಸಿತ್ತು, ಕೆಲವರು ಪ್ರೋತ್ಸಾಹಿಸಿದರು.

ಲಕ್ಷಣದ ಪರೀಕ್ಷೆಯ ದಿನ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಕೊಠಡಿಯ ಮೂಲೆಯಲ್ಲಿ ದೃಷ್ಟಿಯಿಲ್ಲದ ಹುಡುಗಿಯೊಬ್ಬಳು ಲಿಪಿಕಾರಳ ಸಹಾಯದಿಂದ ಬರೆಸುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಅಂಥ ಮಕ್ಕಳು ವಿಜ್ಞಾನದ ಬದಲು ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿ ಸಂಗೀತವನ್ನೋ ಪರ್ಯಾಯ ವಿಷಯವಾಗಿ ತೆಗೆದುಕೊಳ್ಳಬಹುದು. ಅವಳೂ ಹಾಗೆ ತೆಗೆದುಕೊಂಡವಳೆಂದು ಆಮೇಲೆ ತಿಳಿಯಿತು. ಲಿಪಿಕಾರಳಿಗೆ ಸಂಗೀತ ಬರುತ್ತಿರಲಿಲ್ಲ. ಆದ್ದರಿಂದ ಆ ಹುಡುಗಿ ಸ್ವರಲಿಪಿಯ ಪ್ರಶ್ನೆಗೆ ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕಾಗಿತ್ತು: ಸ, ಮೇಲೊಂದು ಚುಕ್ಕಿ; ನಿ, ಪಕ್ಕದಲ್ಲಿ ಅಲ್ಪವಿರಾಮ; ಈಗ ಒಂದು ನಿಂತ ಗೆರೆ. ಬಲಗೈಯಲ್ಲಿ ತೊಡೆಯ ಮೇಲೆ ಸದ್ದಾಗದಂತೆ ತಾಳ ಹಾಕಿಕೊಂಡು, ಹಾಡಿಕೊಳ್ಳಲೂ ಆಗದೆ, ಮನಸ್ಸಿನಲ್ಲೇ ಕೇಳಿಸಿಕೊಂಡು ಅವಳು ಒಂದು ಇಡೀ ಗೀತೆಯನ್ನು ಹಾಗೆ ಬರೆಸಿದಳು. ಅಕ್ಷರವನ್ನು ಕಣ್ಣಿನಿಂದ ಕಾಣದವಳು ಆವರ್ತದ ಜೋಡಿ ಗೆರೆ ಎಲ್ಲಿ ಬೀಳಬೇಕೆಂದು ನಮಗಿಂತ ನಿಶ್ಚಿತವಾಗಿ ಬಲ್ಲವಳಾಗಿದ್ದಳು. ಅಂಥ ಅಭ್ಯರ್ಥಿಗಳಿಗೆ ಸಂಗೀತದ ಓನಾಮ ಬಲ್ಲ ಲಿಪಿಕಾರರನ್ನೇ ಒದಗಿಸುವ ವ್ಯವಸ್ಥೆ ಇರಬೇಕೆಂದು ನಾನು ಅಂದಿನಿಂದ ಗಟ್ಟಿಯಾಗಿ ನಂಬಿದ್ದೇನೆ. ಬಿಡಿಸಿ ಹೇಳುವುದರಲ್ಲೇ ಅವಳ ಸಮಯವೆಲ್ಲ ಕಳೆಯುತ್ತಿತ್ತು.

ಪ್ರಾಯೋಗಿಕ ಪರೀಕ್ಷೆ ಬೇರೊಂದು ದಿನ ಇತ್ತು. ಹೊರಗಿನ ಹಜಾರದಲ್ಲಿ ಮಕ್ಕಳೆಲ್ಲ ತಮ್ಮ ತಮ್ಮ ಶ್ರುತಿಯಲ್ಲಿ ಮೆಲುದನಿಯಲ್ಲಿ ಹಾಡಿಕೊಳ್ಳುತ್ತಿದ್ದುದರಿಂದ ನಮ್ಮ ಶ್ರುತಿಯನ್ನು ಹಿಡಿದುಕೊಳ್ಳುವುದೇ ಕಷ್ಟವಾಗಿತ್ತು. ಒಳಗೆ ಇಬ್ಬರು ಪರೀಕ್ಷಕರಿದ್ದರು. ಶ್ರುತಿ ಯಾವುದೆಂದು ಕೇಳಿ ಪೆಟ್ಟಿಗೆಯನ್ನು ಹೊಂದಿಸಿದರು. ಒಂದು ಅಲಂಕಾರವನ್ನು ಮೂರು ಕಾಲಗಳಲ್ಲಿ ಹಾಡಿಸಿ, ವರ್ಣವನ್ನು ಎತ್ತಿಸಿ, ಅನುಪಲ್ಲವಿಗೆ ಬರುವಷ್ಟರಲ್ಲಿ ಸಾಕೆಂದರು. ಆಮೇಲೆ ಹಿರಿಯರಾದ ಪರೀಕ್ಷಕರು, “ಪಿಳ್ಳಾರಿ ಗೀತೆಯಲ್ಲಿ ಗಾಂಧಾರ ಮೊದ್ಲು ಎಲ್ಲಿ ಬರತ್ತಮ್ಮ? ಆ ಆವರ್ತದಿಂದ ಎತ್ಕೊಂಡು ಹಾಡು” ಎಂದರು. ಮೊದಲಿನಿಂದ ಹಾಡಿಕೊಂಡು ಬರದೆ ನೇರವಾಗಿ ನಾಲ್ಕನೆಯ ಆವರ್ತವನ್ನು ದ್ರುತದ ಪೆಟ್ಟಿಗೆ ಸರಿಯಾಗಿ ಎತ್ತಿಕೊಳ್ಳಲು ನನಗೆ ಸಾಧ್ಯವಾದದ್ದು ನಾನು ಬರೆದಿದ್ದ ಆ ಪುಟ ಮನಸ್ಸಿನ ಕಣ್ಣಮುಂದಿದ್ದುದರಿಂದ. ಅವರು ತಲೆದೂಗಿ, “ಯಾರ ಹತ್ರ ಪಾಠ?” ಎಂದು ಕೇಳಿದರು.

ಆ ಒಂದು ಪ್ರಶ್ನೆಯನ್ನು ಬಿಟ್ಟರೆ ಪ್ರಾಯೋಗಿಕ ಪರೀಕ್ಷೆ ನನ್ನಿಂದ ಹೆಚ್ಚೇನನ್ನೂ ಕೇಳಲಿಲ್ಲ. ಸರತಿಯಲ್ಲಿ ಬಹಳ ಮಕ್ಕಳಿರುವಾಗ ಒಬ್ಬೊಬ್ಬರಿಗೂ ಸಿಗುವ ಹೊತ್ತು ಸ್ವಲ್ಪವೇ. ಅಷ್ಟರಲ್ಲಿ ಹೆದರಿದ ಮಗುವಿನ ದನಿ ತೆರೆದುಕೊಳ್ಳುವುದೇ ಇಲ್ಲ. ನನ್ನ ಹಿಂದೆ ಹೋದ ಗೆಳತಿ ಮನೆಯಲ್ಲಿ ನನಗಿಂತ ಎಷ್ಟೋ ಇಂಪಾಗಿ ಹಾಡುವವಳು, ಅಲ್ಲಿ ಮೊದಲ ಕಾಲದಲ್ಲೇ ಗಂಟಲು ಕಟ್ಟಿಕೊಂಡು ಹೊರಗೆ ಬಂದು ಅತ್ತಳು. ಪರೀಕ್ಷಕರು ಪ್ರತಿ ಮಗುವಿಗೂ ಮೊದಲು ಅದಕ್ಕೆ ಇಷ್ಟವಾದ ಒಂದು ರಚನೆಯನ್ನು ಪೂರ್ತಿಯಾಗಿ ಹಾಡಲು ಬಿಟ್ಟು, ಆಮೇಲೆ ತಮಗೆ ಬೇಕಾದ್ದನ್ನು ಕೇಳಿದರೆ ಫಲಿತಾಂಶಗಳು ಇನ್ನಷ್ಟು ನ್ಯಾಯವಾಗಿರುತ್ತವೆ.

ನಾನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದೆ. ಆ ಗೆಳತಿಯೂ ತೇರ್ಗಡೆಯಾದಳು, ದರ್ಜೆ ಕಡಿಮೆ ಬಂತು. ಆದರೂ ಅವಳು ಪಾಠ ಬಿಡಲಿಲ್ಲ. ನಾನು ಮುಂದೆ ಸೀನಿಯರ್‌ಗೂ ಕಟ್ಟಿದೆ.

ಈಗ ನನ್ನ ಬಳಿ ಸರಸ್ವತೀಪುರಂ, ಕುವೆಂಪುನಗರದ ಕಡೆಯ ಕೆಲವು ಮಕ್ಕಳು ಪಾಠಕ್ಕೆ ಬರುತ್ತಾರೆ. ಅವರಲ್ಲಿ ಪರೀಕ್ಷೆಗೆ ಕಟ್ಟುವವರೂ ಇದ್ದಾರೆ, ಕಟ್ಟದವರೂ ಇದ್ದಾರೆ. ಬರೆಯುವ ಪಾಠ ಇಬ್ಬರಿಗೂ ಒಂದೇ. ಹೊಸ ಗೀತೆಯನ್ನು ಕಲಿಸಿ ಅದು ಬಾಯಿಗೆ ಬಂದು ಒಂದು ವಾರವಾದ ಮೇಲೆ, ಪುಸ್ತಕ ನೋಡದೆ ಎರಡು ಆವರ್ತಗಳನ್ನು ಸ್ವರ ಸಾಹಿತ್ಯ ಸಮೇತ ಬರೆಯಿಸುತ್ತೇನೆ. ಬರೆದದ್ದನ್ನು ಒಬ್ಬರದನ್ನು ಇನ್ನೊಬ್ಬರಿಗೆ ಕೊಟ್ಟು, ಕಾಗದದಲ್ಲಿ ಇರುವುದನ್ನಷ್ಟೇ ಹಾಡಬೇಕು ಎಂದು ಹೇಳುತ್ತೇನೆ. ತಾರಸ್ಥಾಯಿಯ ಚುಕ್ಕಿ ಬಿಟ್ಟುಹೋಗಿದ್ದರೆ ಹಾಡು ತಟ್ಟನೆ ಕೆಳಗೆ ಇಳಿದುಬಿಡುತ್ತದೆ, ಅಲ್ಪವಿರಾಮ ಬಿಟ್ಟುಹೋಗಿದ್ದರೆ ಬೆರಳೆಣಿಕೆ ಮುಗಿಯುವ ಮೊದಲೇ ಸ್ವರಗಳು ಮುಗಿದುಹೋಗುತ್ತವೆ. ಬರೆದ ಮಗುವೇ “ಅಲ್ಲ ಅಲ್ಲ, ಅದು ಮೇಲಿನ ಸ” ಎಂದು ಎದ್ದು ಹೇಳುತ್ತದೆ. ಗಣೇಶನ ಹಬ್ಬದ ಹೊತ್ತಿನಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಕಛೇರಿಗಳಿಗೆ ಹೋಗಿ ಬಂದವರಿಗೆ, ಅಲ್ಲಿ ಕೇಳಿದ ಯಾವುದಾದರೂ ಒಂದು ಸಾಲನ್ನು ನೆನಪಿನಿಂದ ಬರೆದು ತರುವ ಕೆಲಸ ಕೊಡುತ್ತೇನೆ. ಹೋದ ವರ್ಷ ಏಳನೆಯ ತರಗತಿಯ ಹುಡುಗನೊಬ್ಬ ಮೋಹನ ರಾಗದ ಒಂದು ಸಾಲನ್ನು ಬರೆದು ತಂದ. ಅದರಲ್ಲಿ ಒಂದು ಕಡೆ ಸ್ವರ ಬರೆಯದೆ ಪೆನ್ಸಿಲಿನಿಂದ ಒಂದು ಅಲೆಯ ಗೆರೆ ಎಳೆದಿದ್ದ. ಇದೇನು ಎಂದರೆ, “ಇಲ್ಲಿ ಅವ್ರು ಗಾಂಧಾರಾನ ಅಲುಗಾಡಿಸಿದ್ರು ಮಿಸ್, ಅದನ್ನ ಹೇಗೆ ಬರೀಬೇಕು ಗೊತ್ತಾಗ್ಲಿಲ್ಲ” ಎಂದ. ಆ ದಿನದ ಪಾಠವನ್ನೆಲ್ಲ ಗಮಕಗಳಿಗೇ ಕೊಟ್ಟೆವು.